ಹಿಮದ ರಾತ್ರಿ ಗಾಡಿ ತಟ್ಟಿದವನು

ಇಂಥ ಕತೆಗಳನ್ನು ನಾನು ನಂಬುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ವಿಮಾ ಕಚೇರಿಯಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತರೆ ಯಾರಾದರೊಬ್ಬರು ಶುರು ಮಾಡುತ್ತಿದ್ದರು. ಕಾಕ್ಸ್ ಟೌನಿನ ಯಾವುದೋ ಹಳೇ ಬಂಗಲೆಯಲ್ಲಿ ಪಿಯಾನೋ ತಾನಾಗಿ ನುಡಿಯುತ್ತದಂತೆ, ಹಲಸೂರು ಕೆರೆಯ ಹತ್ತಿರ ಬೆಳಗಿನ ಜಾವ ಒಬ್ಬ ಹೆಂಗಸು ಬಂದು ಟೈಮ್ ಕೇಳುತ್ತಾಳಂತೆ, ಹೀಗೆ. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತಿದ್ದೆ: "ಆಗ ನಿಮಗೆ ಪೂರ್ತಿ ಎಚ್ಚರ ಇತ್ತೇನ್ರೀ?" ಯಾರೂ ಗಟ್ಟಿಯಾಗಿ ಹೌದು ಅನ್ನುತ್ತಿರಲಿಲ್ಲ. ನಾನು ಗೆದ್ದವಳ ಹಾಗೆ ಮೊಸರನ್ನ ಕಲೆಸಿಕೊಳ್ಳುತ್ತಿದ್ದೆ.

ಈಗ ನನ್ನನ್ನೇ ಯಾರಾದರೂ ಆ ಪ್ರಶ್ನೆ ಕೇಳಿದರೆ ನನಗೂ ಗಟ್ಟಿಯಾಗಿ ಹೇಳಲಾಗುವುದಿಲ್ಲ. ಅಷ್ಟನ್ನು ಒಪ್ಪಿಕೊಂಡು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವಾಗ ಹಲಸೂರು ಬಜಾರಿಗೆ ಹತ್ತಿರದ ಒಂದು ಮನೆಯಲ್ಲಿ ಬಾಡಿಗೆಗಿದ್ದೆವು. ಮನೆಯಲ್ಲಿ ಮೂರೇ ಜನ. ನಾನು, ನನ್ನ ಗಂಡ ಪ್ರಭಾಕರ್, ಅವರ ಅಕ್ಕ ವಿಮಲಕ್ಕ. ಪ್ರಭಾಕರ್ ಒಂದು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದರು. ಹಗಲೆಲ್ಲ ಕಬ್ಬಿಣದ ಜೊತೆ ಗುದ್ದಾಡಿ ಬಂದ ಮನುಷ್ಯ ಸಂಜೆ ಸುಮ್ಮನೆ ಕೂರಬೇಕೋ ಬೇಡವೋ? ಕೂರುತ್ತಿರಲಿಲ್ಲ. ಮನೆಯ ಮಿಕ್ಸಿ, ಪಕ್ಕದ ಮನೆಯ ಸ್ಕೂಟರ್, ಎದುರಿನ ಬೇಕರಿಯ ಶಟರ್, ಎಲ್ಲದಕ್ಕೂ ಅವರ ಕೈ ಬೇಕಿತ್ತು.

ಒಂದು ಭಾನುವಾರ ಶಿವಾಜಿನಗರದ ಫುಟ್‌ಪಾತಿನಿಂದ ಅವರು ಒಂದು ಹಳೇ ವಿದೇಶಿ ಪತ್ರಿಕೆ ತಂದರು. ಅದರಲ್ಲೊಂದು ಚಿತ್ರ. ಪಿಕಪ್ ಗಾಡಿಯ ಹಿಂದುಗಡೆ ಒಂದು ಪೆಟ್ಟಿಗೆಯಂಥ ಮನೆ. ಅದರ ಛಾವಣಿ ಮೇಲಕ್ಕೆದ್ದು, ಸುತ್ತ ಬಟ್ಟೆಯ ಗೋಡೆ ನಿಂತಿದೆ. ಹೊರಗೆ ರಾಶಿ ಹಿಮ, ಒಳಗೆ ಗಂಡ ಹೆಂಡತಿ ಬೆಚ್ಚಗೆ ಕಾಫಿ ಕುಡಿಯುತ್ತಿದ್ದಾರೆ. ಅದನ್ನು ಅವರು ನನಗೆ ತೋರಿಸಿದ ರೀತಿಯಲ್ಲೇ ಗೊತ್ತಾಯಿತು, ಇನ್ನು ಒಂದೆರಡು ವರ್ಷ ನಮ್ಮ ಮನೆಯಲ್ಲಿ ಬೇರೆ ಮಾತಿರುವುದಿಲ್ಲ ಎಂದು.

ಹಾಗೇ ಆಯಿತು. ಒಂದು ಹಳೇ ಡೀಸೆಲ್ ಪಿಕಪ್ ಬಂತು. ಅದರ ಹಿಂದೆ ತಗಡಿನ ಪೆಟ್ಟಿಗೆ ಕೂತಿತು. ಶಿವಾಜಿನಗರದಲ್ಲಿ ಸೀಟು ಹೊಲಿಯುತ್ತಿದ್ದ ನಯಾಜ್ ಭಾಯ್ ಅನ್ನುವವರು ಬಟ್ಟೆಯ ಗೋಡೆ ಹೊಲಿದುಕೊಟ್ಟರು. ಛಾವಣಿ ಇಳಿಸುವಾಗ ಬಟ್ಟೆ ಸಿಕ್ಕಿಹಾಕಿಕೊಂಡು ಹರಿಯುತ್ತಿತ್ತು, ಅವರು ಮತ್ತೆ ಹೊಲಿಯುತ್ತಿದ್ದರು, ಮತ್ತೆ ಹರಿಯುತ್ತಿತ್ತು. "ಸಾಬ್, ಇದು ಗಾಡಿನೋ, ಛತ್ರಿನೋ, ಒಂದು ಫೈಸಲ್ ಮಾಡ್ಕೊಳ್ಳಿ" ಎಂದು ಅವರು ನಗುತ್ತಿದ್ದರು. ಕೊನೆಗೂ ಒಂದು ದಿನ ಲಿವರ್ ಒತ್ತಿದರೆ ಛಾವಣಿ ನೆಟ್ಟಗೆ ಮೇಲೆದ್ದು ನಿಂತಿತು. ಒಳಗೆ ನಿಂತರೆ ತಲೆ ತಾಗುತ್ತಿರಲಿಲ್ಲ. ಡ್ರೈವರನ ತಲೆಯ ಮೇಲೆ ಬರುವ ಹಾಗೆ ಒಂದು ಮಂಚ, ಹಿಂದಿನ ಬಾಗಿಲ ಪಕ್ಕದಲ್ಲಿ ಉದ್ದಕ್ಕೆ ಇನ್ನೊಂದು. ಬೀದಿಯ ಜನವೆಲ್ಲ ಒಬ್ಬೊಬ್ಬರಾಗಿ ಹತ್ತಿ ಇಳಿದು ನೋಡಿದರು. ಪ್ರಭಾಕರ್ ಒಂದೇ ಒಂದು ಕಟ್ಟಪ್ಪಣೆ ಮಾಡಿದ್ದರು. ಛಾವಣಿ ಎದ್ದಿರುವಾಗ ಗಾಡಿಯನ್ನು ಒಂದು ಮೊಳವೂ ಕದಲಿಸಬಾರದು.

ಆ ವರ್ಷ ನಮ್ಮಿಬ್ಬರ ಎಲ್‌ಟಿಸಿ ರಜೆ ಹೊಂದಿಬಂತು. ಚಳಿಗಾಲದಲ್ಲಿ ಹಿಮಾಚಲಕ್ಕೆ ಹೋಗಿ ಹಿಮ ಬೀಳುವಾಗ ಅದರೊಳಗೆ ಮಲಗುವುದು ಎಂದು ತೀರ್ಮಾನವಾಯಿತು. ನಾವಿಬ್ಬರೇ ಹೋಗುವುದು ಅಂದುಕೊಂಡಿದ್ದೆ. ವಿಮಲಕ್ಕ ಊಟ ಮಾಡುತ್ತಾ, ತಟ್ಟೆಯಿಂದ ತಲೆ ಎತ್ತದೆ, ತಾನೂ ಬರುತ್ತೇನೆ ಅಂದರು.

ವಿಮಲಕ್ಕನ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಫ್ರೇಜರ್ ಟೌನಿನ ಒಂದು ಶಾಲೆಯಲ್ಲಿ ಭೂಗೋಳದ ಟೀಚರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಜನ. ಸಾರಿಗೆ ಉಪ್ಪು ಕಮ್ಮಿಯಾಗಿದ್ದರೆ ಕಮ್ಮಿ, ಜಾಸ್ತಿಯಾಗಿದ್ದರೆ ಜಾಸ್ತಿ. ಚೆನ್ನಾಗಿದ್ದರೆ ಮಾತಿಲ್ಲ. ನನಗೂ ಅವರಿಗೂ ಜಗಳವೇನೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದೂ ನಾವಿಬ್ಬರು ಒಬ್ಬರನ್ನೊಬ್ಬರು ಮುಟ್ಟಿದ್ದೇ ಕಡಿಮೆ. ಆ ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ಅವರೊಂದಿಗೆ ಅಷ್ಟು ದಿನ ಹೇಗಪ್ಪಾ ಎಂದು ನನಗೆ ದಿಗಿಲಾಗಿದ್ದು ನಿಜ.

ಹೊರಟೆವು. ಹೈದರಾಬಾದ್, ನಾಗಪುರ, ದೆಹಲಿ, ಆಮೇಲೆ ಬೆಟ್ಟ. ದಾರಿಯುದ್ದಕ್ಕೂ ವಿಮಲಕ್ಕ ಕಿಟಕಿಯ ಪಕ್ಕ ಕೂತು ನದಿ ಬಂದಾಗಲೆಲ್ಲ ಅದರ ಹೆಸರು ಹೇಳುತ್ತಿದ್ದರು. ಅಷ್ಟು ಬಿಟ್ಟರೆ ಬೇರೆ ಮಾತಿಲ್ಲ.

ಮನಾಲಿ ದಾಟಿ ಮೇಲಕ್ಕೆ ಹೋಗುವ ರಸ್ತೆಯಲ್ಲಿ, ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಒಂದು ಚಹಾ ಅಂಗಡಿಯ ಪಕ್ಕದ ಅಗಲವಾದ ಜಾಗದಲ್ಲಿ ಗಾಡಿ ನಿಲ್ಲಿಸಿದೆವು. ಒಂದು ಕಡೆ ದೇವದಾರು ಮರಗಳು, ಇನ್ನೊಂದು ಕಡೆ ಕಣಿವೆ. ಸುತ್ತ ಯಾರೂ ಇರಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಆಕಾಶ ಬೂದಿ ಬಣ್ಣಕ್ಕೆ ತಿರುಗಿತು. ಸಂಜೆಯಾಗುತ್ತಿದ್ದಂತೆ ಹಿಮ ಬೀಳತೊಡಗಿತು.

ವಿಮಲಕ್ಕ ಕೆಳಗಿಳಿದು, ಸೀರೆಯ ಮೇಲೆ ತಮ್ಮನ ಕೋಟು ಹಾಕಿಕೊಂಡು, ಅಂಗೈ ಚಾಚಿ ಬಹಳ ಹೊತ್ತು ನಿಂತಿದ್ದರು. ನಾನು ಹತ್ತಿರ ಹೋದಾಗ ಮೆಲ್ಲಗೆ ಹೇಳಿದರು, "ಇಷ್ಟು ವರ್ಷ ಪಾಠ ಮಾಡಿದೆ. ಇದಕ್ಕೆ ಸದ್ದೇ ಇಲ್ಲ ಅಂತ ಒಂದು ಮಗೂಗೂ ಹೇಳ್ಲಿಲ್ಲ ನೋಡು." ಅವರ ಕಣ್ಣು ಒದ್ದೆಯಾಗಿತ್ತು. ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ. ಕೈ ಮಂಜುಗಡ್ಡೆಯಾಗಿತ್ತು.

ಕೆಳಗಿನ ಪೇಟೆಯಲ್ಲಿ ನಾವೊಂದು ಇದ್ದಿಲಿನ ಒಲೆ ಕೊಂಡಿದ್ದೆವು. ಅಲ್ಲಿ ಪ್ರತಿ ಮನೆಯಲ್ಲೂ ಅಂಥದ್ದಿರುತ್ತದೆ. ಪ್ರಭಾಕರ್‌ಗೆ ಅದರ ಅಪಾಯ ಗೊತ್ತಿಲ್ಲದೆ ಇಲ್ಲ. ಛಾವಣಿಯ ಕೆಳಗೆ ಬಟ್ಟೆಯಲ್ಲಿದ್ದ ಜಾಲರಿ ಕಿಟಕಿಯನ್ನು ತೆರೆದಿಟ್ಟರು. ಮಲಗುವ ಮುಂಚೆ ಒಲೆಯನ್ನು ಹೊರಗಿಡುತ್ತೇನೆ ಎಂದೂ ಹೇಳಿದರು. ಅಕ್ಕಿ, ಬೇಳೆ ಒಟ್ಟಿಗೆ ಬೇಯಿಸಿ ತಿಂದೆವು. ವಿಮಲಕ್ಕ ಬಾಗಿಲ ಪಕ್ಕದ ಮಂಚದಲ್ಲಿ ಕಂಬಳಿ ಹೊದ್ದು ಒರಗಿದರು. ನಾವಿಬ್ಬರು ಮೇಲಿನ ಮಂಚ ಹತ್ತಿ, ಒಲೆಯ ಕಾವಿಗೆ ಸ್ವಲ್ಪ ಹೊತ್ತು ಮಾತಾಡುತ್ತಾ ಕೂತೆವು. ಮಾತು ಎಲ್ಲಿ ನಿಂತಿತೋ ನನಗೆ ನೆನಪಿಲ್ಲ. ಮೂವರಿಗೂ ಹಾಗೇ ನಿದ್ದೆ ಹತ್ತಿದೆ.

ನನಗೆ ಎಚ್ಚರವಾದದ್ದು ಗಾಡಿಯ ತಗಡನ್ನು ಯಾರೋ ತಟ್ಟಿದ ಸದ್ದಿಗೆ. ಬೆರಳಿನಿಂದಲ್ಲ, ಅಂಗೈಯಿಂದ, ಪಟ್ ಪಟ್ ಎಂದು. ಆಮೇಲೆ ಒಂದು ಗಂಡು ದನಿ.

"ಗಾಡಿ ಸ್ವಲ್ಪ ಮುಂದೆ ಹಾಕ್ಕೊಳ್ಳಿ ಸಾರ್."

ಹಲಸೂರಿನ ನಮ್ಮ ಬೀದಿಯಲ್ಲಿ ಈ ಮಾತು ನಾವು ದಿನಾ ಕೇಳುವಂಥದ್ದು. ಬೀದಿ ಅಷ್ಟು ಇಕ್ಕಟ್ಟು. ಹಾಲಿನ ಆಟೋ ಬಂದರೂ, ನೀರಿನ ಲಾರಿ ಬಂದರೂ ಯಾರಾದರೂ ಬಂದು ನಮ್ಮ ಗಾಡಿಯ ಮೈ ತಟ್ಟಿ ಇದನ್ನೇ ಹೇಳುತ್ತಿದ್ದರು. ಆದ್ದರಿಂದ ನನಗೆ ಭಯವಾಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಬಂದದ್ದು ಬೇಸರ. ಇಷ್ಟು ಹೊತ್ತಿನಲ್ಲಿ ಇವರದ್ದೊಂದು ಕಾಟ ಅಂದುಕೊಂಡೆ. ತಲೆ ಸಿಡಿಯುತ್ತಿತ್ತು. ನಾಲಿಗೆ ದಪ್ಪವಾದ ಹಾಗಿತ್ತು. "ಬಂದೆ ಇರ್ರೀ" ಎಂದು ಹೇಳಲು ಹೋದೆ. ಹೇಳಿದೆನೋ ಇಲ್ಲವೋ.

ಆ ದನಿ ಇನ್ನೊಮ್ಮೆ ಅದನ್ನೇ ಹೇಳಿತು. ಸಿಟ್ಟಿರಲಿಲ್ಲ, ಅವಸರವಿರಲಿಲ್ಲ. ಕೆಲಸದ ಮೇಲಿರುವವರು ಸಹನೆಯಿಂದ ಹೇಳುವ ಹಾಗೆ ಹೇಳಿತು.

ಪಕ್ಕದಲ್ಲಿ ಪ್ರಭಾಕರ್ ಆಗಲೇ ಎದ್ದು ಕೂತಿದ್ದರು. ದಿಂಬಿನ ಕೆಳಗೆ ಕೀ ತಡಕಾಡುತ್ತಿದ್ದರು. ಇದು ಮುಖ್ಯವಾದ ಮಾತು, ಗಮನಿಸಿ. ನಾನು ಅವರನ್ನು ಎಬ್ಬಿಸಿರಲಿಲ್ಲ. ಅವರು ಅರೆಗಣ್ಣಿನಲ್ಲೇ "ಹಾಕ್ತೀನಿ, ಒಂದ್ನಿಮಿಷ" ಎಂದು ಗೊಣಗಿ ಕೆಳಗಿಳಿಯಲು ಕಾಲು ಬಿಟ್ಟರು. ಕಾಲು ನಿಲ್ಲಲಿಲ್ಲ. ಮೂಟೆಯ ಹಾಗೆ ಕುಸಿದುಬಿದ್ದರು. ನಾನು ಹೇಗೋ ಜಾರಿ ಇಳಿದೆ. ಹೊರಗಿರುವವನಿಗೆ ಸ್ವಲ್ಪ ತಡೆಯಿರಿ ಎಂದು ಹೇಳೋಣ ಅನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ಹಿಂದಿನ ಬಾಗಿಲಿನ ಅಗುಳಿ ತೆಗೆದು ತಳ್ಳಿದೆ.

ಚಳಿ ಮುಖಕ್ಕೆ ಹೊಡೆಯಿತು. ಅದರ ಜೊತೆಗೆ ನಾನೆಲ್ಲಿದ್ದೇನೆ ಅನ್ನುವುದೂ ನೆನಪಾಯಿತು.

ಹೊರಗೆ ಯಾರೂ ಇರಲಿಲ್ಲ. ಹಿಮ ನಿಂತಿರಲಿಲ್ಲ, ಸಣ್ಣಗೆ ಬೀಳುತ್ತಿತ್ತು. ಆ ಬಿಳುಪಿನದೇ ಒಂದು ಬೆಳಕಿತ್ತು. ಬಾಗಿಲ ಮೆಟ್ಟಿಲಿನಿಂದ ಹಿಡಿದು ಚಹಾ ಅಂಗಡಿಯ ಗೋಡೆಯವರೆಗೂ ಹಾಸಿದ ಹಾಗೆ ಹಿಮ. ಸಂಜೆ ನಾವು ಓಡಾಡಿದ ಹೆಜ್ಜೆಗಳೂ ಮುಚ್ಚಿಹೋಗಿದ್ದವು. ಹೊಸ ಹೆಜ್ಜೆ ಒಂದೂ ಇರಲಿಲ್ಲ. ನಾನು ಗಾಡಿಯ ಎಡಪಕ್ಕಕ್ಕೆ ಬಗ್ಗಿ ನೋಡಿದೆ. ಅಲ್ಲೂ ಇಲ್ಲ.

ಹಿಂದಿನಿಂದ ಪ್ರಭಾಕರ್ ಅಕ್ಕಾ ಅಕ್ಕಾ ಎಂದು ಕರೆಯುವುದು ಕೇಳಿಸಿತು. ತಿರುಗಿ ನೋಡಿದೆ. ವಿಮಲಕ್ಕ ಒರಗಿದ ಹಾಗೇ ಇದ್ದರು. ಕೂಗಿದರೂ ಇಲ್ಲ, ಅಲ್ಲಾಡಿಸಿದರೂ ಇಲ್ಲ. ಒಲೆ ಅವರ ಕಾಲ ಹತ್ತಿರ ಮೆಲ್ಲಗೆ ಕೆಂಪಗೆ ಉರಿಯುತ್ತಿತ್ತು. ತಲೆಯೆತ್ತಿ ನೋಡಿದರೆ ಜಾಲರಿ ಕಿಟಕಿಗೆ ಗಾಳಿ ಹಿಮವನ್ನು ಮೆತ್ತಿ ಮೆತ್ತಿ ಪೂರ್ತಿ ಮುಚ್ಚಿಬಿಟ್ಟಿತ್ತು.

ನಾವಿಬ್ಬರೂ ಸೇರಿ ಅವರನ್ನು ಹೊರಗೆಳೆದೆವು. ನಮ್ಮ ಮೈಯಲ್ಲೇ ಶಕ್ತಿ ಇರಲಿಲ್ಲ. ಮೆಟ್ಟಿಲಿನಲ್ಲಿ ಮೂವರೂ ಜಾರಿ ಹಿಮದ ಮೇಲೆ ಬಿದ್ದೆವು. ಪ್ರಭಾಕರ್ ತೆವಳಿಕೊಂಡು ಹೋಗಿ ಒಲೆಯನ್ನು ಆಚೆಗೆ ಎಸೆದರು. ನಾನು ವಿಮಲಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆ ತಟ್ಟಿದೆ, ಎದೆ ಉಜ್ಜಿದೆ, ಬಾಯಿಗೆ ಬಂದ ದೇವರನ್ನೆಲ್ಲ ಕರೆದೆ. ಎಷ್ಟು ಹೊತ್ತು ಹಾಗೆ ಕಳೆಯಿತೋ. ಕೊನೆಗೆ ಅವರು ಒಂದು ಸಲ ಕೆಮ್ಮಿದರು. ವಾಂತಿ ಮಾಡಿಕೊಂಡರು. ಕಣ್ಣು ಬಿಟ್ಟು ನನ್ನ ಮುಖವನ್ನೇ ನೋಡುತ್ತಾ, "ಯಾಕೆ ಅಳ್ತಿದೀಯೆ?" ಅಂದರು. ನಾನು ಅಳುತ್ತಿದ್ದೆನೆಂದು ಅವರು ಹೇಳಿದ ಮೇಲೆಯೇ ನನಗೆ ತಿಳಿದದ್ದು.

ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕಂಬಳಿ ಸುತ್ತಿ, ಎರಡೂ ಕಿಟಕಿ ಸ್ವಲ್ಪ ಇಳಿಸಿ, ಎಂಜಿನ್ ಚಾಲೂ ಮಾಡಿದೆವು. ಅವರು ನನ್ನ ಹೆಗಲಿಗೆ ಒರಗಿ ನೆಟ್ಟಗೆ ಉಸಿರಾಡತೊಡಗಿದರು. ಆಗ ಪ್ರಭಾಕರ್ ಒಂದು ಕೆಲಸ ಮಾಡಿದರು. ಛಾವಣಿ ಎದ್ದೇ ಇತ್ತು. ಅದರ ಮೇಲೆ ಮೊಣಕೈಯುದ್ದ ಹಿಮವಿತ್ತು. ಅವರು ಗೇರ್ ಹಾಕಿ, ಹಿಮವನ್ನು ನುರಿಯುತ್ತಾ, ಗಾಡಿಯನ್ನು ಒಂದು ಗಾಡಿಯಷ್ಟು ದೂರ ಮುಂದಕ್ಕೆ ತಂದು ನಿಲ್ಲಿಸಿದರು. ಅಷ್ಟೇ. ಯಾಕೆಂದು ನಾನು ಕೇಳಲಿಲ್ಲ. ಕೇಳುವುದೇನಿತ್ತು? ಇಬ್ಬರೂ ಕೇಳಿಸಿಕೊಂಡಿದ್ದೆವಲ್ಲ.

ಬೆಳಗಾಗುವವರೆಗೂ ನಾನು ಪಕ್ಕದ ಕನ್ನಡಿಯಲ್ಲಿ ಹಿಂದಿನ ಜಾಗವನ್ನು ನೋಡುತ್ತಿದ್ದೆ. ಬಂಡೆ ಉರುಳೀತು, ಮರ ಬಿದ್ದೀತು, ಏನಾದರೂ ಆದೀತು ಎಂದು ಕಾದೆ. ಏನೂ ಆಗಲಿಲ್ಲ. ಗಾಡಿ ನಿಂತಿದ್ದ ಕಡೆ ನೆಲ ಕಪ್ಪಗೆ ಚೌಕಾಕಾರ ಕಾಣುತ್ತಿತ್ತು. ಅದರ ಮೇಲೂ ಹಿಮ ಬಿದ್ದು ಬೆಳಗಾಗುವ ಹೊತ್ತಿಗೆ ಬೆಳ್ಳಗಾಯಿತು.

ಬಿಸಿಲು ಬಂದು, ರಸ್ತೆಯ ಹಿಮ ತೆಗೆದ ಮೇಲೆ ಛಾವಣಿ ಗುಡಿಸಿ ಇಳಿಸಿ ಕೆಳಗೆ ಬಂದೆವು. ರಸ್ತೆಯ ಹಿಮ ತೆಗೆಯುವ ಕೂಲಿಯವರ ಬಿಡಾರ ತಿರುವಿನಲ್ಲಿತ್ತು. ಪ್ರಭಾಕರ್ ಇಳಿದು, ರಾತ್ರಿ ನಿಮ್ಮವರು ಯಾರಾದರೂ ಮೇಲೆ ಬಂದಿದ್ದರೇ ಎಂದು ವಿಚಾರಿಸಿದರು. ಸಂಜೆಯಿಂದ ರಸ್ತೆ ಮುಚ್ಚಿತ್ತು, ಯಾರು ಬರುತ್ತಾರೆ ಎಂದು ಅವರು ನಕ್ಕರು. ಕೆಳಗಿನ ಆಸ್ಪತ್ರೆಯಲ್ಲಿ ವಿಮಲಕ್ಕನಿಗೆ ಆಮ್ಲಜನಕ ಕೊಟ್ಟು ಎರಡು ದಿನ ಇಟ್ಟುಕೊಂಡರು. ಇನ್ನು ಸ್ವಲ್ಪ ತಡವಾಗಿದ್ದರೆ ಮೂವರಲ್ಲಿ ಯಾರೂ ಏಳುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

ಯಾರು ಎಬ್ಬಿಸಿದರು ಅನ್ನುವುದನ್ನು ನಾವು ವಿಮಲಕ್ಕನಿಗೆ ಹೇಳಲಿಲ್ಲ. ಮೊದಲೇ ದಣಿದ ಜೀವ, ಹೆದರುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡೆವು. ನನಗೆ ತಲೆನೋವಿಗೆ ಎಚ್ಚರವಾಯಿತು ಎಂದಷ್ಟೇ ಹೇಳಿದೆ. ಅವರೂ ಹೆಚ್ಚು ಕೇಳಲಿಲ್ಲ.

ಊರಿಗೆ ಬಂದ ಮೇಲೆ ಇಂದಿರಾನಗರದ ಒಬ್ಬ ಪರಿಚಯದ ಡಾಕ್ಟರ ಹತ್ತಿರ ಎಲ್ಲವನ್ನೂ ಹೇಳಿದೆ. ಅವರು ಸಮಾಧಾನವಾಗಿ ಕೇಳಿ, ಸಮಾಧಾನವಾಗಿಯೇ ವಿವರಿಸಿದರು. ಇದ್ದಿಲಿನ ಹೊಗೆ ಮಿದುಳಿಗೆ ಏರಿದಾಗ ಇಲ್ಲದ್ದು ಕೇಳುವುದುಂಟು, ಕಾಣುವುದುಂಟು. ಮಿದುಳು ತನಗೆ ಗೊತ್ತಿರುವ ಸದ್ದನ್ನೇ ಹುಡುಕಿ ತೆಗೆಯುತ್ತದೆ. ದಿನಾ ಕೇಳುವ ಮಾತು ತಾನೇ ಅದು? ನಾನು ತಲೆಯಾಡಿಸಿದೆ. ಆದರೆ ಇಬ್ಬರಿಗೂ ಒಂದೇ ಹೊತ್ತಿನಲ್ಲಿ, ಅದೇ ಮಾತು? ನೀವು ನಿದ್ದೆಗಣ್ಣಲ್ಲಿ ಏನೋ ಅಂದಿರುತ್ತೀರಿ, ಅದನ್ನು ಅವರು ಕೇಳಿಸಿಕೊಂಡಿರುತ್ತಾರೆ ಎಂದರು ಡಾಕ್ಟರು. ಇರಬಹುದು. ಪ್ರಭಾಕರ್ ಮಾತ್ರ ಒಪ್ಪಲಿಲ್ಲ. ಮೊದಲು ಗಾಡಿ ತಟ್ಟಿದ್ದು ಮೂರು ಸಲ, ನೀನು ಎದ್ದದ್ದು ಕೊನೆಯ ಸಲಕ್ಕೆ, ಅನ್ನುತ್ತಿದ್ದರು. ಆಮೇಲೆ ಆ ಮಾತನ್ನೇ ಬಿಟ್ಟರು. ಆ ಗಾಡಿಯನ್ನೂ ಕೊಟ್ಟುಬಿಟ್ಟರು.

ಅಲ್ಲಿಂದಾಚೆಗೆ ಒಂದು ಬದಲಾವಣೆಯಾಯಿತು. ವಿಮಲಕ್ಕ ನನ್ನನ್ನು ಹೆಸರು ಹಿಡಿದು ಕೂಗುವುದನ್ನು ಬಿಟ್ಟು "ಏ ಹುಡುಗಿ" ಅನ್ನತೊಡಗಿದರು. ನನಗಾಗ ನಲವತ್ತು ಹತ್ತಿರವಾಗಿತ್ತು. ಸಾರು ಚೆನ್ನಾಗಿದ್ದರೆ ಚೆನ್ನಾಗಿದೆ ಅಂತಲೂ ಅನ್ನುತ್ತಿದ್ದರು.

ಏಳೆಂಟು ವರ್ಷ ಕಳೆದವು. ನಾವು ಹಲಸೂರು ಬಿಟ್ಟು ಕೆ.ಆರ್. ಪುರದ ಕಡೆ ಸಣ್ಣದೊಂದು ಮನೆ ಕಟ್ಟಿಕೊಂಡಿದ್ದೆವು. ಅವರೆಕಾಯಿಯ ಕಾಲ. ಒಂದು ಮಧ್ಯಾಹ್ನ ನಡುಮನೆಯಲ್ಲಿ ಪೇಪರ್ ಹರಡಿಕೊಂಡು ನಾನು, ವಿಮಲಕ್ಕ, ನನ್ನ ತಂಗಿಯ ಮಗಳು ಅವರೆಕಾಯಿ ಸುಲಿಯುತ್ತಿದ್ದೆವು. ಪ್ರಭಾಕರ್ ಕಿಟಕಿಯ ಹತ್ತಿರ ಏನೋ ಓದುತ್ತಿದ್ದರು. ತಂಗಿಯ ಮಗಳು ನೀವು ಹಿಮ ನೋಡಿದ್ದೀರಂತೆ, ಹೇಗಿತ್ತು ಅಂದಳು. ನಾನು ಹೇಳಿದೆ. ಒಲೆ, ಮುಚ್ಚಿಹೋದ ಕಿಟಕಿ, ಅಕ್ಕನನ್ನು ಎಳೆದದ್ದು, ಎಲ್ಲ. ತಟ್ಟಿದ ಸದ್ದೊಂದನ್ನು ಬಿಟ್ಟೆ.

ವಿಮಲಕ್ಕ ಕೈಯ ಕೆಲಸ ನಿಲ್ಲಿಸದೆ ಕೇಳಿದರು, "ಆ ಮನುಷ್ಯ ಯಾರು ಅಂತ ಕೊನೆಗೆ ಗೊತ್ತಾಯ್ತಾ?"

ಯಾವ ಮನುಷ್ಯ ಎಂದು ನಾನು ಕೇಳಿದೆ.

"ಅದೇ, ಗಾಡಿ ತೆಗೀರಿ ಅಂತ ಬಂದಿದ್ನಲ್ಲ. ಪಾಪ, ತುಂಬಾ ಹೊತ್ತು ನಿಂತಿದ್ದ. ಅವರು ಮಲಗಿದ್ದಾರಪ್ಪ ಅಂದೆ. ಪರವಾಗಿಲ್ಲಮ್ಮ, ಏಳಲಿ ಅಂದ. ಅಷ್ಟು ದೂರದಲ್ಲೂ ನಮ್ಮ ಕಡೆಯೋರು ಸಿಕ್ಕಿದ್ರಲ್ಲ ಅಂತ ನನಗೆ ಸಂತೋಷ ಆಯ್ತು. ಚಳಿ ಇದೆ, ಒಳಗಾದ್ರೂ ಬಾ ಅಂದೆ. ಬರಲಿಲ್ಲ."

ಕಿಟಕಿಯ ಹತ್ತಿರ ಹಾಳೆ ತಿರುಗಿಸುವ ಸದ್ದು ನಿಂತಿತ್ತು. ಯಾಕೆ ಬರಲಿಲ್ಲ ಎಂದು ಕೇಳಿದ್ದು ನನ್ನ ತಂಗಿಯ ಮಗಳು.

"ಹಿಂದೆ ಜನ ಕಾಯ್ತಿದ್ದಾರೆ, ದಾರಿ ಬಿಡಿಸ್ಬೇಕು ಅಂದ" ಎಂದು ವಿಮಲಕ್ಕ ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಎಳೆದುಕೊಂಡರು.

ಅವರಿಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಯಾರೋ ಬಂದಿದ್ದರು, ನಮ್ಮನ್ನು ಎಬ್ಬಿಸಿ ಹೋದರು, ಅಷ್ಟೇ. ಹೊರಗೆ ಯಾರೂ ಇರಲಿಲ್ಲ ಎಂದು ನಾವು ಅವರಿಗೆ ಹೇಳಿರಲೇ ಇಲ್ಲವಲ್ಲ. ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಇಲ್ಲದ್ದನ್ನು ಕಟ್ಟಿ ಹೇಳುವ ಜನವಲ್ಲ ಅವರು. ಕೂಗಿದರೂ ಕೇಳದ ಸ್ಥಿತಿಯಲ್ಲಿ ಅವರು ಮಲಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಡಾಕ್ಟರ ಹತ್ತಿರ ಮತ್ತೆ ಹೋಗಿ ಕೇಳಬಹುದಿತ್ತು. ಅವರು ಇದಕ್ಕೂ ಏನಾದರೊಂದು ಹೇಳುತ್ತಿದ್ದರು. ನಾನು ಹೋಗಲಿಲ್ಲ.

ದೆವ್ವವೆಂದು ನಾನು ಹೇಳುತ್ತಿಲ್ಲ, ದೇವರೆಂದೂ ಹೇಳುತ್ತಿಲ್ಲ. ಆ ದನಿ ಎರಡರ ಹಾಗೂ ಇರಲಿಲ್ಲ. ಆ ಹಿಮದಲ್ಲಿ, ಮುಚ್ಚಿದ ರಸ್ತೆಯಲ್ಲಿ, ನಮ್ಮ ಹಿಂದೆ ಯಾರು ನಿಂತಿದ್ದರು, ಎಷ್ಟು ಜನ, ಎಲ್ಲಿಗೆ ಹೋಗಬೇಕಾಗಿತ್ತು, ನನಗೆ ಗೊತ್ತಿಲ್ಲ. ನಾವು ಗಾಡಿ ಮುಂದೆ ಹಾಕಿ ದಾರಿ ಬಿಟ್ಟೆವು. ಗೊತ್ತಿರುವುದು ಅಷ್ಟೇ.